ಶಿರಸಿಯಲ್ಲಿ ಕೂತು ಕಾರವಾರದ ಕಂಪ್ಯೂಟರ್ ನೋಡಿಕೊಳ್ಳಲು ಏನೇನು ಬೇಕು

ಘಟ್ಟದ ಮೇಲಿನ ಕಚೇರಿಯಿಂದ ಕುಮಟಾ, ಅಂಕೋಲಾ, ಕಾರವಾರದ ಶಾಖೆಗಳ ಕಂಪ್ಯೂಟರ್‌ಗಳನ್ನು ಬ್ರೌಸರ್ ಮೂಲಕ ನಿಭಾಯಿಸುವವರು ಈ ತಯಾರಿಯನ್ನು ಮಳೆಗಾಲಕ್ಕೆ ಮೊದಲೇ ಮುಗಿಸಿಕೊಳ್ಳಬೇಕು. ಜೋರು ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಹೋಗಿ ಒಂದು ಸೆಟ್ಟಿಂಗ್ ಬದಲಿಸಿ ಬರುವುದು ಯಾರಿಗೂ ಬೇಡದ ಕೆಲಸ.

ವೇಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪರದೆಯ ಚಿತ್ರ ಶಾಖೆಯಿಂದ ನಮ್ಮ ಕಡೆಗೆ ಬರುವುದರಿಂದ ನೋಡಬೇಕಾದ್ದು ಶಾಖೆಯ ಅಪ್‌ಲೋಡ್. ಅದು ಸ್ಥಿರವಾಗಿ 2 ಎಂಬಿಪಿಎಸ್ ಇದ್ದರೆ ಕಚೇರಿ ಕೆಲಸಕ್ಕೆ ಸಾಕು. ಆದರೆ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) 300 ಮಿಲಿಸೆಕೆಂಡ್ ದಾಟಿದರೆ ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತದೆ, ಕೆಲಸ ಸಾಗುವುದಿಲ್ಲ.

ರಿಮೋಟ್ ಡೆಸ್ಕ್‌ಟಾಪ್‌ಗೆಂದು ರೌಟರ್‌ನಲ್ಲಿ 3389 ಪೋರ್ಟ್ (ಸಂಪರ್ಕ ಒಳಬರುವ ಸಂಖ್ಯೆಯ ಬಾಗಿಲು) ತೆರೆದಿಡುವುದು ಕಳ್ಳರನ್ನು ಕರೆದಂತೆ, ಮಾಡಲೇಬೇಡಿ. ರೌಟರ್‌ನ ಹೊರಗಿನ ಐಪಿ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ ಎಂದರ್ಥ. ಅಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ಒಳಬರಲು ಆಗದು. ಶಾಖೆಯ ಕಂಪ್ಯೂಟರ್‌ನಲ್ಲಿ ಏಜೆಂಟ್ (ದೂರದಿಂದ ನಿಭಾಯಿಸಲು ಬಿಡುವ ಪುಟ್ಟ ಪ್ರೋಗ್ರಾಂ) ಹಾಕಿ, ಅದು ತಾನೇ ಎಚ್‌ಟಿಟಿಪಿಎಸ್‌ನ 443 ಪೋರ್ಟ್ ಮೂಲಕ ನಮ್ಮ ಸರ್ವರ್‌ಗೆ ಬರುವಂತೆ ಮಾಡುವುದೇ ಸರಿಯಾದ ದಾರಿ.

ಲಾಗಿನ್ ಆಗುತ್ತದೆ, ಕಂಪ್ಯೂಟರ್‌ಗಳ ಪಟ್ಟಿ ಕಾಣುತ್ತದೆ, 'ಕನೆಕ್ಟ್' ಒತ್ತಿದರೆ ಮಾತ್ರ ಸುತ್ತುತ್ತಲೇ ಇರುತ್ತದೆ. ಇಂಥ ಕಡೆ ಮೊದಲ ಅನುಮಾನ ವೆಬ್‌ಸಾಕೆಟ್ ಮೇಲೆ, ಅಂದರೆ ಬ್ರೌಸರ್ ಮತ್ತು ಸರ್ವರ್ ನಡುವೆ ಸದಾ ತೆರೆದಿರುವ ಸಂಪರ್ಕದ ಮೇಲೆ. ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ವೆಬ್‌ಸಾಕೆಟ್ ಸಾಲಿನ ಸ್ಟೇಟಸ್ ನೋಡಿ. 101 ಬಂದಿಲ್ಲವೆಂದರೆ ನಡುವೆ ಯಾರೋ ತಡೆಯುತ್ತಿದ್ದಾರೆ: ಪ್ರಾಕ್ಸಿ (ನಡುವೆ ನಿಂತು ಸಂಪರ್ಕ ದಾಟಿಸುವ ಸರ್ವರ್) ಇರಬಹುದು, ಎಚ್‌ಟಿಟಿಪಿಎಸ್ ಬಿಚ್ಚಿ ನೋಡುವ ಆಂಟಿವೈರಸ್ ಇರಬಹುದು. 101 ಬಂದು, ಮೌಸ್ ಮುಟ್ಟದೆ ಒಂದು ನಿಮಿಷ ಬಿಟ್ಟರೆ ಸಂಪರ್ಕ ಕಡಿಯುತ್ತಿದ್ದರೆ ಸರ್ವರ್ ಮುಂದೆ ನಿಂತು ಸಂಪರ್ಕಗಳನ್ನು ಒಳಗೆ ದಾಟಿಸುವ ಎಂಜಿನ್‌ಎಕ್ಸ್ ತಂತ್ರಾಂಶ ನೋಡಿ. ಸುಮ್ಮನಿರುವ ಸಂಪರ್ಕವನ್ನು ಅದು ತಾನಾಗಿ 60 ಸೆಕೆಂಡಿಗೆ ಮುಚ್ಚುತ್ತದೆ. ಏಜೆಂಟ್ 30 ಸೆಕೆಂಡಿಗೊಮ್ಮೆ ಚಿಕ್ಕ ಸಂದೇಶ ಕಳಿಸುವಂತಿಟ್ಟರೆ ತೊಂದರೆ ಹೋಗುತ್ತದೆ.

ಪುಟ ಅರ್ಧ ತೆರೆದು ನಿಂತರೆ, ಆದರೆ ಪಿಂಗ್ ಸರಿಯಿದ್ದರೆ, ಎಂಟಿಯು (ಒಂದು ಪ್ಯಾಕೆಟ್‌ನಲ್ಲಿ ಹೋಗಬಹುದಾದ ಗರಿಷ್ಠ ಬೈಟ್) ಪರೀಕ್ಷಿಸಿ. ಫೈಬರ್ ಸಂಪರ್ಕ ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಆಗಿದ್ದರೆ 1500ರಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ತುಂಡರಿಸಬೇಡ ಎಂಬ ಆಯ್ಕೆ ಹಾಕಿ 1464 ಬೈಟಿನ ಪಿಂಗ್ ಕಳಿಸಿ. ಅದು ಹೋಗಿ 1465 ಹೋಗದಿದ್ದರೆ ಲೆಕ್ಕ ಸರಿ, ಏಕೆಂದರೆ ಹೆಡರ್‌ಗಳಿಗೆ 28 ಬೈಟ್ ಬೇಕು. ರೌಟರ್‌ನಲ್ಲಿ ಎಂಟಿಯು 1492 ಎಂದೇ ಇರಲಿ.

ಬ್ರೌಸರ್ ಈಗಿನ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಯಾವುದಾದರೂ ಆದೀತು. ವಿಂಡೋಸ್ 7ಕ್ಕೆ ಕ್ರೋಮ್ 109ರ ನಂತರದ ಆವೃತ್ತಿಯೇ ಇಲ್ಲ, ಹಾಗಾಗಿ ಆ ಯಂತ್ರಗಳಿಂದ ನಿರ್ವಹಣೆ ಮಾಡಬಾರದು.

ಕರೆಂಟ್ ಪದೇ ಪದೇ ಹೋಗುವ ಊರುಗಳಲ್ಲಿ ನಿಜವಾಗಿ ಕಾಡುವುದು ಗಡಿಯಾರ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತ ಯಂತ್ರ ಕರೆಂಟ್ ಬಂದಾಗ ಹಳೆಯ ತಾರೀಖಿನಲ್ಲಿ ಏಳುತ್ತದೆ. ಆಗ ಸರ್ವರ್‌ನ ಗುರುತು ಖಚಿತಪಡಿಸುವ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲವೆಂದು ಏಜೆಂಟ್ ಸಂಪರ್ಕ ನಿರಾಕರಿಸುತ್ತದೆ. ಡೊಮೇನ್‌ಗೆ (ಕೇಂದ್ರ ಸರ್ವರ್ ನಿಯಂತ್ರಿಸುವ ಕಚೇರಿ ಜಾಲಕ್ಕೆ) ಸೇರದ ವಿಂಡೋಸ್ ಯಂತ್ರದಲ್ಲಿ ವ್ಯತ್ಯಾಸ 15 ಗಂಟೆ ಮೀರಿದರೆ ಸಮಯ ಹೊಂದಿಸುವ ಸೇವೆ ಮೂಲ ಸೆಟ್ಟಿಂಗ್‌ನಲ್ಲಿ ಅದನ್ನು ತಿದ್ದುವುದಿಲ್ಲ. ದೂರದಿಂದ ನಾವು ಏನೂ ಮಾಡಲಾಗದ ಸ್ಥಿತಿ ಇದು. ಶಾಖೆಯವರಿಗೆ ಫೋನ್ ಮಾಡಿ ತಾರೀಖು ಸರಿಮಾಡಿಸಬೇಕು. ಐದಾರು ವರ್ಷ ಹಳೆಯ ಯಂತ್ರಗಳ ಸೆಲ್‌ಗಳನ್ನು ಮೇ ತಿಂಗಳಲ್ಲೇ ಬದಲಿಸಿಬಿಡಿ.

ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ) ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಹಾಕಿ, ಸ್ಲೀಪ್ ತೆಗೆಯಿರಿ. ಆಫ್ ಆಗಿರುವ ಯಂತ್ರವನ್ನು ಜಾಲದ ಮೂಲಕ ಎಬ್ಬಿಸುವ ವೇಕ್ ಆನ್ ಲ್ಯಾನ್ ಸಂದೇಶ ಸಾಮಾನ್ಯವಾಗಿ ರೌಟರ್ ದಾಟುವುದಿಲ್ಲ. ಶಾಖೆಯಲ್ಲಿ ಸದಾ ಎದ್ದಿರುವ ಒಂದು ಯಂತ್ರವಿದ್ದರೆ ಅದರಿಂದ ಉಳಿದವನ್ನು ಎಬ್ಬಿಸಬಹುದು. ಕರಾವಳಿಯ ಉಪ್ಪುಗಾಳಿಗೆ ನೆಟ್‌ವರ್ಕ್ ಕೇಬಲ್ ತುದಿಯ ಆರ್‌ಜೆ45 ಪ್ಲಗ್ಗಿನ ಪಿನ್ನುಗಳ ಮೇಲೆ ಹಸಿರು ಪುಡಿ ಕಟ್ಟಿದ್ದರೆ ಒರೆಸುತ್ತ ಕೂರದೆ ಹೊಸ ಪ್ಲಗ್ ಕ್ರಿಂಪ್ ಮಾಡಿ.

ಇನ್ನು, ಯುಪಿಎಸ್‌ಗೆ ಕಂಪ್ಯೂಟರ್ ಮಾತ್ರ ಹಾಕಿ ಫೈಬರ್ ಪೆಟ್ಟಿಗೆ, ರೌಟರ್‌ಗಳನ್ನು ಗೋಡೆಯ ಪ್ಲಗ್ಗಿಗೆ ಬಿಟ್ಟಿರುತ್ತಾರೆ. ಅವನ್ನೂ ಯುಪಿಎಸ್‌ಗೇ ಸೇರಿಸಿ. ಪೆಟ್ಟಿಗೆಯಲ್ಲಿ ಎಲ್‌ಓಎಸ್ ದೀಪ ಕೆಂಪಾಗಿದ್ದರೆ ಬೆಳಕಿನ ಸಿಗ್ನಲ್ಲೇ ಬರುತ್ತಿಲ್ಲ. ದೀಪದ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡು ನೇರವಾಗಿ ಲೈನಿನವರಿಗೆ ದೂರು ಕೊಡಿ.