ಸೋಮನಾಥಪುರಕ್ಕೆ ಶೀಟ್ ಫಿಲ್ಮ್ ಕ್ಯಾಮೆರಾ ಹೊತ್ತು ಹೋಗುವವರು ಮೊದಲು ಲಾಡ್ಜಿನ ಬಾತ್‌ರೂಮು ನೋಡಿ

ನಾನು ಬೇಸ್ತು ಬಿದ್ದಿದ್ದು ದೇವಸ್ಥಾನದಲ್ಲಲ್ಲ, ಮೈಸೂರಿನ ಲಾಡ್ಜಿನಲ್ಲಿ. ದಿನಕ್ಕೆ 2,400 ರೂಪಾಯಿ. ಬಾತ್‌ರೂಮಿಗೆ ಕಿಟಕಿ ಇದೆಯಾ ಅಂತ ಫೋನಿನಲ್ಲಿ ಎರಡು ಸಲ ಕೇಳಿದ್ದೆ. "ಇಲ್ಲ ಸಾರ್" ಅಂದರು. ಕಿಟಕಿ ಇರಲಿಲ್ಲ, ನಿಜ. ಆದರೆ ಬಾಗಿಲ ಮೇಲೆ ಗಾಜಿನ ವೆಂಟಿಲೇಟರ್, ಅದರಾಚೆ ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟು.

ಶೀಟ್ ಫಿಲ್ಮ್ ಅಂದರೆ ರೀಲಲ್ಲ, ಬಿಡಿ ಹಾಳೆ. ನಾಲ್ಕು ಇಂಚು ಅಗಲ, ಐದು ಇಂಚು ಉದ್ದದ ಈ ಹಾಳೆಗಳನ್ನು ಕಗ್ಗತ್ತಲಲ್ಲೇ ಹೋಲ್ಡರಿಗೆ, ಅಂದರೆ ಕ್ಯಾಮೆರಾಗೆ ಸಿಕ್ಕಿಸುವ ಚಪ್ಪಟೆ ಪೆಟ್ಟಿಗೆಗೆ, ತುಂಬಬೇಕು. ಒಂದು ಹೋಲ್ಡರಿಗೆ ಎರಡೇ ಹಾಳೆ. ಮೂಲೆಯ ಕಚ್ಚು ಬೆರಳಿಗೆ ಬಲಗಡೆ ಮೇಲೆ ಸಿಕ್ಕರೆ ಎಮಲ್ಷನ್, ಅಂದರೆ ಬೆಳಕು ಹಿಡಿಯುವ ಲೇಪದ ಮೈ, ನಮ್ಮ ಕಡೆ ಇದೆ ಅಂತ ಲೆಕ್ಕ. ಕೈ ತೂರಿಸಿ ಒಳಗೇ ಫಿಲ್ಮ್ ತುಂಬುವ, ಬೆಳಕು ನುಸುಳದ ಚೇಂಜಿಂಗ್ ಬ್ಯಾಗ್ ತಂದಿರಲಿಲ್ಲ, ಅದು ನನ್ನದೇ ದಡ್ಡತನ. ವೆಂಟಿಲೇಟರಿಗೆ ಹೊದಿಕೆ ತುರುಕಿ ಹತ್ತು ಹಾಳೆ ತುಂಬಿದೆ. ಬೆಳಿಗ್ಗೆ ನೋಡಿದರೆ ಹೊದಿಕೆಯ ಒಂದು ಮೂಲೆ ಜಾರಿತ್ತು. ಮನೆಗೆ ಬಂದು ತೊಳೆದಾಗ ನಾಲ್ಕು ಹಾಳೆಯ ಅಂಚು ಮಸಿ ಬಳಿದ ಹಾಗಿತ್ತು.

ಮೈಸೂರಿನಿಂದ ಸೋಮನಾಥಪುರ ಸುಮಾರು 35 ಕಿ.ಮೀ. ದೂರ. ನೇರ ಬಸ್ಸಿಗೆ ಕಾಯಬೇಡಿ, ಬನ್ನೂರಿಗೆ ಹೋಗಿ ಬಸ್ಸು ಬದಲಿಸಿ. ಮರದ ಟ್ರೈಪಾಡು ನೋಡಿ ಕಂಡಕ್ಟರ್, "ಯಾವೂರಲ್ಲಿ ಮದುವೆ ಸಾ?" ಅಂದ. ಲಗೇಜ್ ಟಿಕೆಟ್ ಮಾತ್ರ ಬಿಡಲಿಲ್ಲ.

ಬನ್ನೂರಲ್ಲಿ ಊಟ ಮಾಡಿಕೊಂಡೇ ಮುಂದೆ ಹೋಗಿ. ಬನ್ನೂರು ಕುರಿ ಅಂದರೆ ಸುಮ್ನೆನಾ? ನಾನು ಹೊಕ್ಕಿದ್ದು ಬೋರ್ಡೂ ಇಲ್ಲದ ಒಂದು ಹೋಟೆಲು, ನಾಲ್ಕೇ ಬೆಂಚು. ಬಿಸಿ ಮುದ್ದೆ ಮಧ್ಯೆ ಬೆರಳಲ್ಲಿ ಗುಳಿ ಮಾಡಿ ಸಾರು ಹಾಕಿದರು. ಮಾಂಸ ಮೆತ್ತಗೆ, ಮೂಳೆ ತಾನಾಗಿ ಬಿಟ್ಟುಕೊಂಡಿತು. ಸಾರಿನಲ್ಲಿ ಹುರಿದ ಕೊಬ್ಬರಿಯ ಘಮ. ನಾನು ಮುದ್ದೆ ಅಗಿಯೋದು ನೋಡಿ ಬಡಿಸುತ್ತಿದ್ದ ಅಜ್ಜಿ, "ನುಂಗಪ್ಪ, ಹಲ್ಲಿಗ್ಯಾಕೆ ಕೆಲಸ ಕೊಡ್ತೀಯ" ಅಂತ ಬೈದರು. ಕೇಳದೇನೇ ಇನ್ನೊಂದು ಸೌಟು ಸಾರು. 130 ರೂಪಾಯಿ. ಲಾಡ್ಜಿನ ಬಿಲ್ಲು ನೆನೆದು ಹೊಟ್ಟೆ ಉರಿಯಿತು.

ಊಟ ಮೊದಲು ಅಂದಿದ್ದಕ್ಕೆ ಬೇರೆ ಕಾರಣವೂ ಇದೆ. ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಈ ಕೇಶವ ದೇವಾಲಯದ ಬಾಗಿಲು ಪೂರ್ವಕ್ಕೆ. ಮೂರು ಗೋಪುರಗಳ ಬೆನ್ನಿಗೆ ಬಿಸಿಲು ಬೀಳೋದು ಮಧ್ಯಾಹ್ನದ ಮೇಲೆ. ಹಿಂದೆ ಪ್ರಾಕಾರದ ಸಾಲು ಇರೋದರಿಂದ ಜಾಸ್ತಿ ದೂರ ಸರಿಯಲಾಗದು, ಹತ್ತಿರದಿಂದಲೇ ಅಗಲವಾಗಿ ಹಿಡಿಯುವ 90 ಎಂ.ಎಂ. ಲೆನ್ಸ್ ಬೇಕೇ ಬೇಕು. ಕ್ಯಾಮೆರಾದ ಮೂತಿ ಮೇಲಕ್ಕೆ ಎತ್ತಿದಿರೋ, ಗೋಪುರ ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತದೆ. ಕ್ಯಾಮೆರಾ ಮಟ್ಟವಾಗಿಯೇ ಇರಲಿ, ಲೆನ್ಸ್ ಕೂತ ಮುಂದಿನ ಹಲಗೆ ಮಾತ್ರ ಮೇಲಕ್ಕೆ ಸರಿಸಿ. ಸರಿಸಿದ್ದು ಅತಿಯಾದರೆ ಚಿತ್ರದ ಮೂಲೆ ಕಪ್ಪಾಗುತ್ತದೆ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದು ಪತ್ರ ಕೈಯಲ್ಲಿಟ್ಟುಕೊಳ್ಳಿ.

2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದಕ್ಕೋ ಏನೋ, ಮಂಗಳವಾರವೂ ಜನ ಇದ್ದರು. ನನಗೆ ಗದ್ದಲ ಆಗದು, ಭಾನುವಾರದ ಮಾತು ಬೇಡವೇ ಬೇಡ. ಈ ಕ್ಯಾಮೆರಾದ ಹಿಂದಿನ ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಶಾಲೆಯ ಹುಡುಗಿಯೊಬ್ಬಳು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿ, "ಮಿಸ್, ದೇವಸ್ಥಾನ ತಲೆಕೆಳಗಾಗಿದೆ!" ಅಂತ ಕೂಗಿದಳು. ಆಮೇಲೆ ಇಡೀ ಕ್ಲಾಸು ಸಾಲು ನಿಂತಿತು. ಅಷ್ಟರಲ್ಲಿ ಬಿಸಿಲು ಅರ್ಧ ಹೋಗಿತ್ತು.

ಸಂಜೆ ಮೈಸೂರಿನಲ್ಲಿ ಬೇರೆ ರೂಮು ಹುಡುಕಿದೆ. 900 ರೂಪಾಯಿ, ಮಂಚ ಕಿರುಗುಟ್ಟುತ್ತಿತ್ತು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಐದು ನಿಮಿಷ ನಿಂತೆ. ಮೂಗಿನ ಮುಂದೆ ಹಿಡಿದ ಕೈ ಕಾಣಲಿಲ್ಲ. ಹೊರಗೆ ಬಂದು ಅಡ್ವಾನ್ಸ್ ಕೊಟ್ಟೆ.