ಮುಡಿ ಹರಕೆ ಮತ್ತು ನಾನು ಕೇಳದೇ ಬಿಟ್ಟ ಪ್ರಶ್ನೆ

ಹಾಸನದಲ್ಲಿ ಮಕ್ಕಳ ವಾರ್ಡಿನ ನರ್ಸ್ ನಾನು. ರಕ್ತದ ಕ್ಯಾನ್ಸರ್ ಇರುವ ನಮ್ಮ ಕಡೆಯ ಮಕ್ಕಳು ಕೀಮೋಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಊರಲ್ಲಿದ್ದಾಗ ಜ್ವರ ಬಂದರೆ ನಮ್ಮಲ್ಲಿಗೆ ಬರುತ್ತಾರೆ. ಕೀಮೋ ಆದ ಮಗುವಿಗೆ ಬಿಳಿ ರಕ್ತಕಣ ಕಡಿಮೆ. ಜ್ವರ ಬಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಆಂಟಿಬಯೋಟಿಕ್ ತಕ್ಷಣ ಶುರುವಾಗಬೇಕು. ಇದೆಲ್ಲ ನಮಗೆ ಚೆನ್ನಾಗಿ ಕಲಿಸಿದ್ದಾರೆ.

ಆದರೆ ಅವತ್ತು ರಾತ್ರಿ ಡ್ರಿಪ್ ಬದಲಿಸುವಾಗ ಏಳು ವರ್ಷದ ಹುಡುಗಿ, "ಸಿಸ್ಟರ್, ದೇವರಿಗೆ ನನ್ನ ಮೇಲೆ ಸಿಟ್ಟಾ?" ಅಂದಳು.

"ಛೇ, ಹಾಗೆಲ್ಲ ಅನ್ನಬಾರದು ಪುಟ್ಟಿ. ಮಲಗು" ಅಂದೆ. ಅವಳು ಗೋಡೆ ಕಡೆ ತಿರುಗಿದಳು. ಎರಡು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ.

ನಮ್ಮ ಹಿರಿಯ ಸಿಸ್ಟರ್‌ಗೆ ಹೇಳಿದೆ. "ಯಾಕೆ ಹಾಗನ್ನಿಸ್ತು ಅಂತ ಕೇಳಿದ್ಯಾ?" ಅಂದರು. ಕೇಳಿರಲಿಲ್ಲ.

ಮೂರನೇ ರಾತ್ರಿ ಸ್ಟೂಲ್ ಎಳೆದುಕೊಂಡು ಕೂತು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಟೋಪಿ ತೆಗೆದು ತಲೆ ತೋರಿಸಿದಳು. ಮೊಮ್ಮಗಳು ಹುಷಾರಾದರೆ ಧರ್ಮಸ್ಥಳದಲ್ಲಿ ಮುಡಿ ಕೊಡಿಸುತ್ತೇನೆ ಅಂತ ಅಜ್ಜಿ ಹರಕೆ ಹೊತ್ತಿದ್ದರಂತೆ. ಕೀಮೋ ಶುರುವಾಗಿ ಮೂರನೇ ವಾರಕ್ಕೆ ಕೂದಲು ದಿಂಬಿನ ಮೇಲೆ ಉದುರಿತು. ಯಾರೋ ಗುಡಿಸಿ ಕಸಕ್ಕೆ ಹಾಕಿದರು. ಸ್ವಾಮಿಗೆ ಸೇರಬೇಕಾದದ್ದು ಕಸಕ್ಕೆ ಹೋಯಿತು, ಅದಕ್ಕೇ ಮತ್ತೆ ಜ್ವರ. ಇದು ಆ ಮಗುವಿನ ಲೆಕ್ಕ. ಈ ವಯಸ್ಸಿನ ಮಕ್ಕಳು ಕಾಯಿಲೆಯನ್ನು ಶಿಕ್ಷೆ ಅಂದುಕೊಳ್ಳುವುದು ತುಂಬ ಸಾಮಾನ್ಯ. ನಾನು ಓದಿದ್ದೆ, ಆದರೂ ಹೊಳೆದಿರಲಿಲ್ಲ.

ಕೂದಲು ಉದುರಿದ್ದು ಔಷಧಿಯಿಂದ, ಕೀಮೋ ಮುಗಿದ ಮೇಲೆ ಮತ್ತೆ ಬರುತ್ತೆ. ಅಷ್ಟು ನಾನು ಹೇಳಬಹುದು, ಹೇಳಿದೆ. ಹರಕೆ ಬಗ್ಗೆ ಹೇಳೋಕೆ ನಾನ್ಯಾರು? ಬೆಳಿಗ್ಗೆ ಅಜ್ಜಿಯನ್ನು ಹೊರಗೆ ಕರೆದು ವಿಷಯ ತಿಳಿಸಿದೆ. ಅಲ್ಲೇ ಗೋಡೆಗೆ ಒರಗಿ ಅತ್ತರು. ಮುಖ ತೊಳೆದು ಒಳಗೆ ಹೋಗಿ, "ಹರಕೆ ಹೊತ್ತವಳು ನಾನು ಕಂದ. ಹೊಸ ಕೂದಲು ಬರಲಿ, ಸ್ವಾಮಿ ಕಾಯ್ತಾನೆ" ಅಂದರು. ಅವತ್ತು ಅವಳು ಒಂದು ಇಡ್ಲಿ ಪೂರ್ತಿ ತಿಂದಳು.

ಮಕ್ಕಳ ಉಪಶಾಮಕ ಆರೈಕೆ (ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್) ಅಂದರೆ ದೇಹ, ಮನಸ್ಸು, ಆತ್ಮ ಮೂರರ ಆರೈಕೆ, ಅದು ಕಾಯಿಲೆ ಗೊತ್ತಾದ ದಿನದಿಂದಲೇ ಶುರುವಾಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಹೇಳಿದೆ. ಈಗ ಅಡ್ಮಿಟ್ ಆದ ದಿನವೇ ಮನೆಯವರನ್ನು ಕೇಳುತ್ತೇನೆ: ಹರಕೆ ಇದೆಯಾ, ಪೂಜೆ, ದುವಾ, ಪ್ರಾರ್ಥನೆ ಏನಾದರೂ ಮಾಡಬೇಕಾ? ದಾರ, ತಾಯತ ಆದರೆ ಸೂಜಿ ಇಲ್ಲದ ಕೈಗೆ. ತೀರ್ಥ ಆದರೆ ಕುದಿಸಿ ಆರಿಸಿದ ನೀರಲ್ಲಿ. ಬಿಳಿ ರಕ್ತಕಣದ ಕೌಂಟ್ ಕಡಿಮೆ ಇರುವಾಗ ಹೂವು ರೂಮಿನೊಳಗೆ ಬೇಡ. ಮೂಢನಂಬಿಕೆ ಅಂತ ಗದರಿದರೆ ನಮ್ಮ ಕಣ್ಣು ತಪ್ಪಿಸಿ ತೀರ್ಥ ಕುಡಿಸುತ್ತಾರೆ. ಅದು ಇನ್ನೂ ಜಾಸ್ತಿ ಅಪಾಯ, ಅಲ್ವಾ?

ಅವಳು ಮನೆಗೆ ಹೋಗುವ ಮುಂಚೆ ಹಾಸನಾಂಬೆ ಗುಡಿಯ ಬಾಗಿಲು ಹಾಕಿದ್ದರು, ಇನ್ನು ತೆಗೆಯುವುದು ಮುಂದಿನ ಆಶ್ವಯುಜಕ್ಕೆ. "ಒಳಗೆ ದೀಪ ಅಲ್ಲಿ ತನಕ ಉರೀತಾ ಇರುತ್ತಾ ಸಿಸ್ಟರ್?" ಅಂತ ಕೇಳಿದಳು. ಹೌದು ಅನ್ನಲು ಹೊರಟವಳು ತಡೆದುಕೊಂಡೆ. "ನಿನಗೆ ಏನನ್ನಿಸುತ್ತೆ?"

"ಉರೀಬೇಕು. ಕತ್ತಲಲ್ಲಿ ಅಮ್ಮನಿಗೆ ಭಯ ಆಗಲ್ವಾ?"

ಆ ರಾತ್ರಿ ಅವಳ ರೂಮಿನ ಸಣ್ಣ ಲೈಟ್ ಆರಿಸಲಿಲ್ಲ.