ಬಾಣಂತಿಯ ಪಥ್ಯ ಮತ್ತು ಮೂಲವ್ಯಾಧಿ

ಮೊದಲ ಮಗುವಿನ ಬಾಣಂತನಕ್ಕೆ ನಾನು ಸಾಗರ ತಾಲ್ಲೂಕಿನ ತವರಿಗೆ ಹೋದಾಗ, ನಮ್ಮ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಪಥ್ಯವೇ ನನಗೂ ನಡೆಯಿತು. ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿಯ ಸಾರು, ಬಿಸಿ ಅನ್ನ, ಧಾರಾಳವಾಗಿ ತುಪ್ಪ. ಬಾಣಂತಿ ಸೊಪ್ಪು ತಿಂದರೆ ಮಗುವಿಗೆ ಶೀತವಾಗುತ್ತದೆ, ನೀರು ಹೆಚ್ಚು ಕುಡಿದರೆ ಅವಳಿಗೆ ಹೊಟ್ಟೆ ಬರುತ್ತದೆ ಎಂಬ ನಂಬಿಕೆಯಿಂದ ಎರಡಕ್ಕೂ ಕಡಿವಾಣವಿತ್ತು. ಹಾಲೂಡಿಸುವ ದೇಹಕ್ಕೆ ಎಂದಿಗಿಂತ ಹೆಚ್ಚು ನೀರು ಬೇಕಾಗುವ ಕಾಲದಲ್ಲಿಯೇ ಲೋಟ ಅಳೆದು ನೀರು ಕೊಡುತ್ತಿದ್ದರು. ಜೊತೆಗೆ ಕಬ್ಬಿಣಾಂಶದ ಮಾತ್ರೆಯೂ ಮಲವನ್ನು ಗಟ್ಟಿಮಾಡುತ್ತಿತ್ತು. ಕೆಲವೇ ದಿನಗಳಲ್ಲಿ ಶೌಚಕ್ಕೆ ಹೋಗುವುದೆಂದರೆ ಎದೆ ನಡುಗುವಂತಾಯಿತು. ಉರಿ, ಕೆಂಪು ರಕ್ತದ ಹನಿ, ಕೈಗೆ ತಾಗುವ ಬಾವು ಎಲ್ಲವೂ ಒಟ್ಟಿಗೆ ಬಂದವು.

ಗುದನಾಳದ ಕೊನೆಯಲ್ಲಿ ಎಲ್ಲರಿಗೂ ಇರುವ ರಕ್ತನಾಳಗಳ ಮೆತ್ತೆ ಒತ್ತಡದಿಂದ ಉಬ್ಬಿ ಕೆಳಗೆ ಜಾರುವುದೇ ಮೂಲವ್ಯಾಧಿ. ಗರ್ಭದ ಭಾರ ಮತ್ತು ಹೆರಿಗೆಯಲ್ಲಿ ತಿಣುಕುವ ಶ್ರಮ ಅದಕ್ಕೆ ಮೊದಲೇ ದಾರಿ ಮಾಡಿರುತ್ತವೆ. ಮಲಬದ್ಧತೆ ಉಳಿದ ಕೆಲಸವನ್ನು ಮುಗಿಸುತ್ತದೆ. ಇಷ್ಟು ಸಾಮಾನ್ಯವಾದ ತೊಂದರೆಯನ್ನು ಹೆತ್ತ ತಾಯಿಯ ಬಳಿಯೂ ಹೇಳಲು ನಾಲಗೆ ಏಳುವುದಿಲ್ಲ ಎಂಬುದು ನನಗೆ ಇಂದಿಗೂ ಸಂಕಟದ ವಿಷಯ. ಕೂಸನ್ನು ನೋಡಲು ಬಂದ ಆರೋಗ್ಯ ಸಹಾಯಕಿ, ಹಾಲೂಡಿಸುವಾಗ ನಾನು ಒಂದು ಪಕ್ಕಕ್ಕೆ ವಾಲಿ ಕುಳಿತಿದ್ದನ್ನು ಗಮನಿಸಿ, ತಾವೇ ಮೆಲ್ಲಗೆ ಕೇಳಿದ ಮೇಲೆ ಮಾತು ಹೊರಬಂತು.

ಅವರು ಮೊದಲು ಹೇಳಿದ್ದು ಯಾವ ಔಷಧವನ್ನೂ ಅಲ್ಲ, ನೀರಿನಲ್ಲಿ ಕೂರುವುದನ್ನು. ಬಾಣಂತಿಯ ಮನೆಯಲ್ಲಿ ಹಂಡೆ ತುಂಬ ಬಿಸಿನೀರು ಸದಾ ಇರುತ್ತದೆ, ಆದರೆ ಮೈಗೆ ಹೊಯ್ಯುವ ಆ ಕುದಿಬಿಸಿ ಇಲ್ಲಿ ಸಲ್ಲದು. ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಉಗುರುಬೆಚ್ಚಗಿನ ನೀರನ್ನು ಅಗಲವಾದ ಟಬ್ಬಿನಲ್ಲಿ ಸೊಂಟದ ಕೆಳಭಾಗ ಮುಳುಗುವಂತೆ ತುಂಬಿ, ಒಮ್ಮೆಗೆ 10ರಿಂದ 15 ನಿಮಿಷ, ದಿನಕ್ಕೆ ಎರಡು ಮೂರು ಬಾರಿ, ಮುಖ್ಯವಾಗಿ ಶೌಚದ ನಂತರ ಕೂರಬೇಕು. ಬಿಗಿಹಿಡಿದ ಗುದದ ಸ್ನಾಯು ಆ ಬಿಸುಪಿಗೆ ಸಡಿಲಗೊಳ್ಳುವುದರಿಂದ ನೋವು ಇಳಿಯುತ್ತದೆ. ಸೋಪು, ಡೆಟಾಲ್ ಏನನ್ನೂ ಬೆರೆಸಬಾರದು. ಆಮೇಲೆ ಹಳೆಯ ಹತ್ತಿಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಬೇಕು. ಮೊದಲ ಸಲ ಎದ್ದಾಗಲೇ ನನಗೆ ಎಷ್ಟೋ ದಿನಗಳ ನಂತರ ನೆಟ್ಟಗೆ ನಿಂತ ಅನುಭವವಾಯಿತು.

ಆದರೆ ನೀರಿನಲ್ಲಿ ಕೂರುವುದು ನೋವನ್ನು ಶಮನಗೊಳಿಸುತ್ತದೆಯೇ ಹೊರತು ಕಾರಣವನ್ನು ತೆಗೆಯುವುದಿಲ್ಲ. ಕಾರಣ ಇದ್ದದ್ದು ನನ್ನ ತಟ್ಟೆಯಲ್ಲಿ, ಮತ್ತು ತಟ್ಟೆಯ ಅಧಿಕಾರ ಅಜ್ಜಿಯದು. ಮಜ್ಜಿಗೆ ತಂಪು, ಬಾಣಂತಿಗೆ ವರ್ಜ್ಯ ಎಂಬ ಅವರ ಹಟ ಸಡಿಲವಾದದ್ದು, ಆಯುರ್ವೇದದ ಹಳೆಯ ಗ್ರಂಥ ಚರಕಸಂಹಿತೆಯ ಅರ್ಶ, ಅಂದರೆ ಮೂಲವ್ಯಾಧಿಯ, ಚಿಕಿತ್ಸೆಯಲ್ಲಿ ಮಜ್ಜಿಗೆಗೆ ದೊಡ್ಡ ಸ್ಥಾನವಿದೆ ಎಂದು ಊರಿನ ಪಂಡಿತರು ತಿಳಿಸಿದ ಮೇಲೆ. ಬೆಣ್ಣೆ ತೆಗೆದ ತೆಳು ಮಜ್ಜಿಗೆಗೆ ಜೀರಿಗೆ ಪುಡಿ ಬಂತು. ನಾರು ತೆಗೆದು ಸಣ್ಣಗೆ ಹೆಚ್ಚಿದ ಬಾಳೆದಿಂಡಿನ ಪಲ್ಯ ಬಂತು. ಬಸಳೆ, ಹರಿವೆ ಬಂದವು. ತುರಿಕೆ ಹೋಗುವಂತೆ ಹುಣಸೆನೀರಿನಲ್ಲಿ ಬೇಯಿಸಿದ ಸುವರ್ಣಗೆಡ್ಡೆಯನ್ನು, ಮೂಲವ್ಯಾಧಿಗೆ ಹಿರಿಯರು ಹೇಳುವ ಗೆಡ್ಡೆಯೆಂದು ಅಜ್ಜಿ ತಾವೇ ನೆನಪಿಸಿಕೊಂಡು ಬಡಿಸಿದರು. ರಾತ್ರಿ ಮಲಗುವ ಮುನ್ನ, ನೀರು ಹೀರಿ ಮಲವನ್ನು ಮೆತ್ತಗಾಗಿಸುವ ಬೀಜದ ಹೊಟ್ಟಾದ ಇಸಬ್ಗೋಲನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕುಡಿಯುತ್ತಿದ್ದೆ. ನೀರು ಕಡಿಮೆಯಾದರೆ ಅದೇ ಇಸಬ್ಗೋಲು ಹೊಟ್ಟೆಯಲ್ಲಿ ಗಟ್ಟಿಯಾಗಿ ತೊಂದರೆಯನ್ನು ಹೆಚ್ಚಿಸುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಮಲ ಮೆತ್ತಗಾದಂತೆ ರಕ್ತ ನಿಂತಿತು, ಬಾವು ನಿಧಾನವಾಗಿ ಇಳಿಯಿತು.

ನೆರೆಹೊರೆಯವರ ಸಲಹೆಗಳಿಗೂ ಕೊರತೆ ಇರಲಿಲ್ಲ. ಮುಟ್ಟಿದರೆಮುನಿಯ ರಸವನ್ನು ಹಾಲೂಡಿಸುವ ತಾಯಿ ಕೇಳದೆ ಕುಡಿಯುವುದು ಬೇಡವೆಂದು ವೈದ್ಯರು ತಡೆದರು. ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ ಎನ್ನುವ ರಸ್ತೆಬದಿಯ ಬೋರ್ಡುಗಳ ಬಗ್ಗೆ ಅವರು ಇನ್ನೂ ಕಟುವಾಗಿದ್ದರು. ಅಲ್ಲಿ ಹಚ್ಚುವ ಸುಡುಪದಾರ್ಥಗಳಿಂದ ಗುದದ್ವಾರವೇ ಕಿರಿದಾಗಿ, ಜೀವನಪೂರ್ತಿ ನರಳುವವರಿದ್ದಾರೆ.

ನನ್ನ ಮಾತು ಮನೆಯಲ್ಲಿ ಬಯಲಾದ ಮೇಲೆ ಅಮ್ಮ ಒಂದು ಸಂಜೆ, ತನಗೂ ನನ್ನನ್ನು ಹೆತ್ತಾಗಿನಿಂದ ಆಗಾಗ ರಕ್ತ ಹೋಗುತ್ತದೆ ಎಂದರು. ಅಷ್ಟು ವರ್ಷ ಅವರು ಅದನ್ನು ಉಷ್ಣವೆಂದು ನುಂಗಿಕೊಂಡಿದ್ದರು. ಐವತ್ತು ದಾಟಿದವರಲ್ಲಿ ರಕ್ತ ಕಂಡರೆ ಅದು ಮೂಲವ್ಯಾಧಿಯೇ ಎಂದು ಮನೆಯಲ್ಲಿ ತೀರ್ಮಾನಿಸಕೂಡದು, ಕರುಳಿನ ಕ್ಯಾನ್ಸರಿನಲ್ಲಿಯೂ ಹೀಗೆಯೇ ಕಾಣಿಸಬಹುದು ಎಂದು ವೈದ್ಯರು ಎಚ್ಚರಿಸಿದ್ದರಿಂದ, ಮಜ್ಜಿಗೆ, ಗೆಡ್ಡೆಗಳನ್ನು ನೆಚ್ಚಿ ಕೂರದೆ ಅಮ್ಮನನ್ನು ಶಿವಮೊಗ್ಗಕ್ಕೆ ಕರೆದೊಯ್ದು, ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೊಸ್ಕೋಪಿ ಮಾಡಿಸಿದೆವು. ಕರುಳು ಶುದ್ಧವಾಗಿತ್ತು, ಮೂಲವ್ಯಾಧಿ ಎರಡನೆಯ ಹಂತದಲ್ಲಿತ್ತು, ಅಂದರೆ ಶೌಚದ ವೇಳೆ ಹೊರಬಂದು ತಾನೇ ಒಳಗೆ ಸರಿಯುವಂಥದ್ದು. ಉಬ್ಬಿದ ಮೆತ್ತೆಯ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಹಾಕಿ ಅದೇ ದಿನ ಮನೆಗೆ ಕಳುಹಿಸಿದರು, ಬಾಳೆದಿಂಡು ಮತ್ತು ನೀರನ್ನು ಮಾತ್ರ ಎಂದಿಗೂ ಬಿಡಬೇಡಿ ಎಂದು ಹೇಳಿ.